ಯಾವ ಮಾಡೆಲ್ ಜೀಪು?

ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದವನು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಕೊಡಗಿನಲ್ಲಿ ಹಳೆಯ ಜೀಪು ಕೊಳ್ಳಲು ಹೋದವರು ಬಾನೆಟ್ ಎತ್ತುವುದಕ್ಕೂ ಮುಂಚೆ ‘ಯಾವ ಮಾಡೆಲ್?’ ಎಂದು ಕೇಳುತ್ತಾರೆ. ಮಾರುವವನು ‘98’ ಎಂದರೆ ಒಂದು ಬೆಲೆ, ‘2004’ ಎಂದರೆ ಇನ್ನೊಂದು ಬೆಲೆ. ಆ ಒಂದು ಅಂಕಿಯ ಮೇಲೆ ಮಾತುಕತೆ ಮುಂದುವರಿಯುತ್ತದೆ, ಇಲ್ಲವೇ ಅಲ್ಲಿಗೇ ಮುಗಿಯುತ್ತದೆ. ಎತ್ತಿನ ಹಲ್ಲು ಸುಳ್ಳು ಹೇಳುವುದಿಲ್ಲ. ಜೀಪಿನ ಮಾಡೆಲ್ ವಿಷಯದಲ್ಲಿ ಹಾಗೆ ಹೇಳುವ ಧೈರ್ಯ ಬಾರದು.

ಕೊಡಗಿನವರಿಗೆ ಜೀಪು ಷೋಕಿಯ ವಸ್ತುವಲ್ಲ. ಬೆಳಿಗ್ಗೆ ಲೈನ್ ಮನೆಯಿಂದ ಕೆಲಸದವರನ್ನು ತೋಟಕ್ಕೆ ಬಿಡುವುದು, ಹಣ್ಣು ಕಾಫಿಯ ಮೂಟೆಯನ್ನು ಕಣಕ್ಕೆ ತರುವುದು, ಗೊಬ್ಬರ ಹೊರುವುದು, ಸಂತೆಗೆ ಹೋಗುವುದು, ರಾತ್ರಿ ಹೊತ್ತಿನಲ್ಲಿ ಯಾರಿಗಾದರೂ ಎದೆನೋವು ಬಂದರೆ ಮಡಿಕೇರಿಯ ಆಸ್ಪತ್ರೆ ಮುಟ್ಟಿಸುವುದು, ಎಲ್ಲವೂ ಅದರದೇ ಕೆಲಸ. ಕಕ್ಕಡ ಮಾಸದ ಮಳೆ ಹಿಡಿಯಿತೆಂದರೆ ತೋಟದ ರಸ್ತೆ ಕೆಸರಿನ ಕಾಲುವೆಯಾಗುತ್ತದೆ. ಶಾಂತಳ್ಳಿ, ಭಾಗಮಂಡಲದ ಕಡೆ ಕಾರು ಶೆಡ್ಡಿನಲ್ಲಿ ನಿಂತರೂ ಜೀಪು ನಿಲ್ಲುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಗುಡ್ಡಗಳು ಕುಸಿದಾಗ, ಮರುವರ್ಷ ಕರಡಿಗೋಡು, ನೆಲ್ಯಹುದಿಕೇರಿಯ ಕಡೆ ಕಾವೇರಿ ಮನೆಗಳೊಳಗೆ ನುಗ್ಗಿದಾಗ ಅದರ ಬೆಲೆ ಏನೆಂಬುದು ಹೊರಗಿನವರಿಗೂ ಗೊತ್ತಾಯಿತು.

ಇಂಥ ವಾಹನವನ್ನು ಹೆಚ್ಚಿನ ಸಣ್ಣ ಬೆಳೆಗಾರರು ಹೊಸತಾಗಿ ಕೊಳ್ಳುವುದಿಲ್ಲ. ಕಾಫಿ ಮಾರಿದ ದುಡ್ಡು ಕೈಗೆ ಬಂದ ಮೇಲೆ, ಮುಂಗಾರಿಗೆ ಮೊದಲು, ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕುತ್ತಾರೆ. ಆಗ ಆದ ತಪ್ಪು ಜುಲೈ ತಿಂಗಳಲ್ಲಿ, ಏರಿನ ಮಧ್ಯೆ, ಕತ್ತಲಲ್ಲಿ ಗೊತ್ತಾಗುತ್ತದೆ. ಆದ್ದರಿಂದ ‘ಯಾವ ಮಾಡೆಲ್’ ಎಂಬ ಪ್ರಶ್ನೆಗೆ ಎಷ್ಟು ತೂಕ ಕೊಡಬೇಕು ಎಂಬುದನ್ನು ಕೊಂಚ ವಿವರವಾಗಿಯೇ ನೋಡಬೇಕಾಗಿದೆ.

ಒಂದು ಮಾತು, ಮೂರು ವರ್ಷ

ಮಾಡೆಲ್ ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ವರ್ಷಗಳು ಅಡಗಿವೆ. ಒಂದು, ಆ ನಮೂನೆಯನ್ನು ರೂಪಿಸಿದ ವರ್ಷ. ಎರಡು, ನಿಮ್ಮ ಕಣ್ಣ ಮುಂದಿರುವ ಗಾಡಿ ಕಾರ್ಖಾನೆಯಿಂದ ಹೊರಬಂದ ವರ್ಷ. ಮೂರು, ಅದು ಆರ್‌ಟಿಓ ಕಚೇರಿಯಲ್ಲಿ ನೋಂದಣಿಯಾದ ವರ್ಷ. ಮಾರುವವನು ಇವುಗಳಲ್ಲಿ ತನಗೆ ಅನುಕೂಲವಾದ್ದನ್ನು ಹೇಳುತ್ತಾನೆ. ಕೊಳ್ಳುವವನು ಮೂರೂ ಒಂದೇ ಎಂದುಕೊಳ್ಳುತ್ತಾನೆ. ಮೋಸವಾಗುವುದು ಅಲ್ಲೇ.

ನೆಲದ ಮೇಲೂ ನೀರಿನ ಮೇಲೂ ಓಡುವ ವಾಹನಗಳಲ್ಲಿ ಹೆಸರುವಾಸಿಯಾದದ್ದು ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಬಳಸಿದ ಆರು ಚಕ್ರದ ‘ಡಕ್’. ಅದರ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಮೊದಲನೆಯದಾದ ‘ಡಿ’ ಎಂದರೆ 1942ನೇ ಇಸವಿಯ ವಿನ್ಯಾಸ ಎಂದು ಅರ್ಥ. ಅಂಥ 21 ಸಾವಿರಕ್ಕೂ ಹೆಚ್ಚು ವಾಹನಗಳು ಯುದ್ಧ ಮುಗಿಯುವವರೆಗೂ ತಯಾರಾದವು. 1945ರಲ್ಲಿ ಹೊರಬಂದ ಡಕ್ ಕೂಡ ಹೆಸರಿನಲ್ಲಿ ‘ಡಿ’ ಯನ್ನೇ ಹೊತ್ತಿತ್ತು. ವಿನ್ಯಾಸದ ವರ್ಷ ಬೇರೆ, ತಯಾರಿಯ ವರ್ಷ ಬೇರೆ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ. ಅದೇ ಕಾಲದಲ್ಲಿ ಫೋರ್ಡ್ ಕಂಪನಿ ಜೀಪಿಗೇ ದೋಣಿಯ ಮೈ ಕೊಟ್ಟು ‘ಸೀಪ್’ ಎಂಬ ವಾಹನ ಮಾಡಿತು. 12 ಸಾವಿರಕ್ಕೂ ಹೆಚ್ಚು ತಯಾರಾದರೂ ಭಾರ ಹೆಚ್ಚಾಗಿ, ಅಲೆ ಎದ್ದ ನೀರಿನಲ್ಲಿ ಅದು ಹೆಸರು ಕೆಡಿಸಿಕೊಂಡಿತು. ವಿನ್ಯಾಸವೇ ಸೋತಾಗ ಗಾಡಿ ಎಷ್ಟು ಹೊಸದಾಗಿದ್ದರೇನು?

ಗಡಿ ಗೆರೆಯ ವರ್ಷಗಳು

ಜೀಪಿನ ಚರಿತ್ರೆಯಲ್ಲಿ ಕೆಲವು ವರ್ಷಗಳು ಗಡಿ ಗೆರೆ ಇದ್ದ ಹಾಗೆ. ಗೆರೆಯ ಈಚೆ ಒಂದು ಗಾಡಿ, ಆಚೆ ಇನ್ನೊಂದು. ಎರಡು ಗೆರೆಗಳ ನಡುವೆ ನಾಲ್ಕಾರು ವರ್ಷ ಹೆಚ್ಚು ಕಡಿಮೆಯಾದರೂ ಯಂತ್ರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರುವುದಿಲ್ಲ.

ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಆರಂಭಿಸಿತು. ಇವತ್ತಿಗೂ ‘ಹಳೇ ಜೀಪು’ ಎಂದೊಡನೆ ಕಣ್ಣಿಗೆ ಕಟ್ಟುವ ಎತ್ತರದ ಬಾನೆಟ್ಟಿನ ರೂಪ ವಿಲ್ಲಿಸ್ ಕಂಪನಿಯ 1953ರ ಸಿಜೆ-3ಬಿ ನಮೂನೆಯದು. ಹೊಸ ಎಂಜಿನ್ ಎತ್ತರವಾದ್ದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು, ಅಷ್ಟೆ. ಅಮೆರಿಕದಲ್ಲಿ ಆ ರೂಪ ಹೋದ ಮೇಲೂ ಭಾರತದಲ್ಲಿ ದಶಕಗಟ್ಟಲೆ ಉಳಿಯಿತು. ಹೊರಗಿನ ಮೈ ಅದೇ, ಒಳಗಿನ ಹೃದಯ ಮಾತ್ರ ಬದಲಾಗುತ್ತಾ ಬಂತು: ಮೊದಲು ಪೆಟ್ರೋಲ್, ಆಮೇಲೆ ಟ್ರ್ಯಾಕ್ಟರಿನ ಜಾತಿಯ ಇಂಟರ್‌ನ್ಯಾಷನಲ್ ಡೀಸೆಲ್, 1980ರ ದಶಕದಲ್ಲಿ ಪ್ಯೂಜೋ ಪರವಾನಗಿಯ ಡೀಸೆಲ್. ಎಂಎಂ-540 ಎಂಬ ಹೆಸರು ಕೊಡಗಿನ ತೋಟಗಳಲ್ಲಿ ಮನೆಮಾತಾದದ್ದು ಈ ಎಂಜಿನ್ನಿನಿಂದ. ಆದ್ದರಿಂದ ಇಂಥ ಜೀಪು ನೋಡುವಾಗ 1989 ಹೌದೋ 1993 ಹೌದೋ ಎಂದು ಜಗ್ಗಾಡುವ ಬದಲು, ಒಳಗಿರುವುದು ಯಾವ ಎಂಜಿನ್, ಆರ್‌ಸಿ ಪುಸ್ತಕದಲ್ಲಿ ಬರೆದಿರುವುದೂ ಅದೇ ಎಂಜಿನ್ನೇ ಎಂದು ನೋಡುವುದು ಲೇಸು.

ಮಾರುತಿ ಜಿಪ್ಸಿಯ ವಿಷಯದಲ್ಲಿ ಗೆರೆಗಳು ಇನ್ನೂ ಸ್ಪಷ್ಟ. 1985ರ ಕೊನೆಯಲ್ಲಿ ಬಂದ ಜಿಪ್ಸಿಯದು 970 ಸಿಸಿ ಎಂಜಿನ್. 1993ರಲ್ಲಿ ಎಡಬಲ ಚಕ್ರಗಳ ಅಂತರ ಹೆಚ್ಚಿತು. ಹಳೆಯದಕ್ಕಿಂತ ತಿರುವಿನಲ್ಲಿ ಸ್ಥಿರವಾಯಿತು. 1996ರಲ್ಲಿ 1.3 ಲೀಟರಿನ ‘ಜಿಪ್ಸಿ ಕಿಂಗ್’ ಬಂತು. 2000ದಲ್ಲಿ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ ಬಂದಾಗ ಶಕ್ತಿ 60 ಅಶ್ವಶಕ್ತಿಯಿಂದ 80ಕ್ಕೆ ಏರಿತು. ಮೂಟೆ ಹೇರಿಕೊಂಡು ಏರು ಹತ್ತಬೇಕಾದವರಿಗೆ 1995ರ ಜಿಪ್ಸಿಗೂ 1997ರ ಜಿಪ್ಸಿಗೂ ಇರುವ ಅಂತರ ದೊಡ್ಡದು. 2002ಕ್ಕೂ 2008ಕ್ಕೂ ನಡುವೆ ಇರುವ ಆರು ವರ್ಷ ಅಷ್ಟು ದೊಡ್ಡದಲ್ಲ. 2019ರಲ್ಲಿ ಜಿಪ್ಸಿಯ ಸಾರ್ವಜನಿಕ ಮಾರಾಟವೇ ನಿಂತಿತು. ಸೇನೆಯಲ್ಲಿ ಇನ್ನೂ ಓಡುತ್ತಿರುವುದರಿಂದ ಬಿಡಿಭಾಗಗಳಿಗೆ ಅಷ್ಟೇನೂ ಬರ ಬಂದಿಲ್ಲ.

ಥಾರ್ ಬಂದದ್ದು 2010ರಲ್ಲಿ. 2015ರಲ್ಲಿ ಅದರ ಸಿಆರ್‌ಡಿಇ ನಮೂನೆಗೆ ಹಿಂದಿನ ಆಕ್ಸಲ್ಲಿನಲ್ಲಿ ತಾನಾಗಿ ಲಾಕ್ ಆಗುವ ಡಿಫರೆನ್ಷಿಯಲ್ ಸೇರಿತು. ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ಸುತ್ತುತ್ತಾ ನಿಂತಾಗ ಇನ್ನೊಂದು ಚಕ್ರಕ್ಕೂ ಬಲ ಕೊಡುವ ಏರ್ಪಾಡು ಇದು. ತೋಟದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. 2020ರ ಅಕ್ಟೋಬರ್ 2ರಂದು ಬಿಡುಗಡೆಯಾದ ಥಾರ್ ಹೆಸರಿಗಷ್ಟೇ ಅದೇ ಗಾಡಿ, ಉಳಿದದ್ದೆಲ್ಲ ಹೊಸತು. ಇಲ್ಲಿಯೇ ಒಂದು ಎಚ್ಚರಿಕೆ ಅಗತ್ಯ. 2023ರ ಜನವರಿಯಿಂದ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ ಕೊಡುವ ಥಾರ್ ಕೂಡ ಮಾರಾಟಕ್ಕೆ ಬಂತು. ‘2023 ಮಾಡೆಲ್’ ಎಂಬ ಮಾತಿಗೆ ಮರುಳಾಗಿ, ಒಳಗೆ ಫೋರ್ ವೀಲಿನ ಲಿವರ್ ಇದೆಯೋ ಇಲ್ಲವೋ ನೋಡದೆ ಮುಂಗಡ ಕೊಟ್ಟವನಿಗೆ ತೋಟದ ಮೊದಲ ಏರಿನಲ್ಲೇ ಅದು ತಿಳಿಯುತ್ತದೆ. ಆ ಏರನ್ನು ಪಕ್ಕದ ಮನೆಯ 1990ರ ಜೀಪು ಲೋ ಗೇರಿನಲ್ಲಿ ಗುರುಗುಟ್ಟುತ್ತಾ ಹತ್ತಿಬಿಡುತ್ತದೆ.

ಹಲ್ಲು ಎಣಿಸುವ ಬಗೆ

ಇನ್ನು ಎರಡನೆಯ ವರ್ಷ, ಅಂದರೆ ಕಾರ್ಖಾನೆಯಿಂದ ಹೊರಬಂದದ್ದು. ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು ಮತ್ತು ವರ್ಷ ಒಂದು ಕಡೆ, ನೋಂದಣಿಯ ದಿನಾಂಕ ಇನ್ನೊಂದು ಕಡೆ ಇರುತ್ತದೆ. ಡಿಸೆಂಬರಿನಲ್ಲಿ ತಯಾರಾಗಿ ಮಾರ್ಚಿಯಲ್ಲಿ ನೋಂದಣಿಯಾದ ಗಾಡಿಗೆ ಮಾರುವವನು ಹೊಸ ವರ್ಷವನ್ನೇ ಹೇಳುತ್ತಾನೆ. ಈಚಿನ ವಾಹನಗಳಲ್ಲಿ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರಿನಲ್ಲಿ ಸಾಮಾನ್ಯವಾಗಿ ಹತ್ತನೆಯದು ವರ್ಷದ ಗುರುತು. 2010ಕ್ಕೆ ‘ಎ’, 2015ಕ್ಕೆ ‘ಎಫ್’, 2020ಕ್ಕೆ ‘ಎಲ್’, ಹೀಗೆ ಸಾಗುತ್ತದೆ. ಪುಸ್ತಕದಲ್ಲಿರುವ ನಂಬರನ್ನು ಓದಿದರೆ ಸಾಲದು. ಚಾಸಿಸ್ಸಿನ ಮೇಲೆ ಕೊರೆದಿರುವ ನಂಬರನ್ನು ಕೆಸರು ಒರೆಸಿ ಓದಬೇಕು. ಆ ಜಾಗದಲ್ಲಿ ವೆಲ್ಡಿಂಗ್ ಮಾಡಿದ ಗುರುತೋ, ಉಜ್ಜಿದ ಗುರುತೋ ಕಂಡರೆ ಒಳ್ಳೆಯ ಮಾತಿನಲ್ಲಿ ನಮಸ್ಕಾರ ಹೇಳಿ ಹೊರಟುಬಿಡುವುದೇ ಸರಿ.

ಈ ವರ್ಷ ಮುಖ್ಯವಾಗಿ ಹಣದ ಲೆಕ್ಕಕ್ಕೆ ಬರುತ್ತದೆ. ವಿಮೆಯವರು ಗಾಡಿಯ ಬೆಲೆ ಕಟ್ಟುವ ಪಟ್ಟಿಯ ಪ್ರಕಾರ, ಆರು ತಿಂಗಳು ದಾಟಿ ಒಂದು ವರ್ಷದೊಳಗಿರುವ ವಾಹನದ ಬೆಲೆಯಲ್ಲಿ ನೂರಕ್ಕೆ 15 ಕಳೆಯುತ್ತಾರೆ. ನಾಲ್ಕು ದಾಟಿ ಐದು ವರ್ಷದೊಳಗಿದ್ದರೆ ನೂರಕ್ಕೆ 50. ಐದು ದಾಟಿದ ಮೇಲೆ ಮಾಲೀಕನೂ ವಿಮೆಯವರೂ ಒಪ್ಪಿದ್ದೇ ಬೆಲೆ. ಎಂದರೆ ಐದು ವರ್ಷದೊಳಗಿನ ಗಾಡಿಯಲ್ಲಿ ಒಂದೊಂದು ವರ್ಷಕ್ಕೂ ಬೆಲೆಯಿದೆ, ಅಲ್ಲಿ ಚೌಕಾಶಿ ಮಾಡಲೇಬೇಕು. ಇಪ್ಪತ್ತು ವರ್ಷದ ಜೀಪಿನಲ್ಲಿ ‘ಒಂದು ವರ್ಷ ಹೊಸದು’ ಎಂದು ಹತ್ತಿಪ್ಪತ್ತು ಸಾವಿರ ಹೆಚ್ಚು ಕೊಡುವುದಕ್ಕೆ ಅರ್ಥವಿಲ್ಲ.

ಪುಸ್ತಕದ ವಯಸ್ಸು

ಮೂರನೆಯದು ನೋಂದಣಿಯ ವರ್ಷ. ಕಾನೂನಿನ ಕಣ್ಣಿಗೆ ಇದೇ ದೊಡ್ಡದು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಸೀಮಿತ. ಆಮೇಲೆ ಗಾಡಿಯನ್ನು ಆರ್‌ಟಿಓ ಮುಂದೆ ನಿಲ್ಲಿಸಿ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಕಾರು, ಜೀಪುಗಳಿಗೆ ಈ ನವೀಕರಣದ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ ಒಮ್ಮೆಗೇ 5,000ಕ್ಕೆ ಏರಿತು. 20 ವರ್ಷ ದಾಟಿದವಕ್ಕೆ 2025ರ ಆಗಸ್ಟಿನಲ್ಲಿ ಅದು 10,000 ಆಯಿತು. ಜೊತೆಗೆ ಹಸಿರು ತೆರಿಗೆ, ಎಫ್‌ಸಿಗೆಂದು ಮಾಡಿಸುವ ಟಿಂಕರಿಂಗ್, ಪೇಂಟು. 14 ವರ್ಷದ ಜೀಪನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡವನು ಮರುವರ್ಷವೇ ಈ ಖರ್ಚನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಆಗ ತಾನೇ ನವೀಕರಣವಾಗಿ ಇನ್ನೂ ನಾಲ್ಕು ವರ್ಷ ಉಳಿದಿರುವ 16 ವರ್ಷದ ಜೀಪು ಅವನಿಗೆ ಹೆಚ್ಚು ಲಾಭದ್ದಾಗುತ್ತಿತ್ತು.

ಕೊಡಗಿಗೂ ಸೇನೆಗೂ ಇರುವ ನಂಟು ಹಳೆಯದು. ಸೇನೆ ವಿಲೇವಾರಿ ಮಾಡಿದ ಜಿಪ್ಸಿ, ಜೋಂಗಾಗಳ ಮೇಲೆ ಇಲ್ಲಿಯವರಿಗೆ ಮೋಹ ಹೆಚ್ಚು. ನಿಸಾನ್ ಕಂಪನಿಯ ನಮೂನೆಯಂತೆ ಜಬಲ್ಪುರದಲ್ಲಿ 1969ರಿಂದ 1999ರವರೆಗೆ ತಯಾರಾದ ಜೋಂಗಾ ಆನೆಯಂಥ ಗಾಡಿ, ಹೊಟ್ಟೆಯೂ ಆನೆಯದೇ. ಆರು ಸಿಲಿಂಡರಿನ ಸುಮಾರು 4 ಲೀಟರ್ ಪೆಟ್ರೋಲ್ ಎಂಜಿನ್ನನ್ನು ಸಾಕಲಾರದೆ ಅನೇಕರು ಡೀಸೆಲ್ ಎಂಜಿನ್ ಕೂರಿಸಿದರು. ಇಂಥ ಗಾಡಿಗಳಲ್ಲಿ ತಯಾರಿಕೆಯ ವರ್ಷ ಒಂದು, ಹರಾಜಿನ ನಂತರ ಸಾರ್ವಜನಿಕ ನೋಂದಣಿಯಾದ ವರ್ಷ ಇನ್ನೊಂದು. ನಡುವೆ ಹತ್ತಾರು ವರ್ಷ ಕಳೆದಿರುವುದುಂಟು. ನಂಬರ್ ಪ್ಲೇಟಿನಲ್ಲಿ ‘ಕೆಎ-12’ ಎಂದು ಕಂಡ ಮಾತ್ರಕ್ಕೆ ಗಾಡಿಯ ಹುಟ್ಟೂ ಆಗಲೇ ಎಂದು ತಿಳಿಯಬಾರದು. ಎಂಜಿನ್ ಬದಲಿಸಿದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಿರಬೇಕು. ತಯಾರಕರ ಮೂಲ ನಮೂನೆಯನ್ನು ಮನಬಂದಂತೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಖಂಡಿತವಾಗಿ ಹೇಳಿದೆ. ದಾಖಲೆಯಿಲ್ಲದ ಎಂಜಿನ್ನಿನ ಗಾಡಿ ಅಪಘಾತ ಮಾಡಿದರೆ ವಿಮೆಯವರ ಮುಂದೆ ಮಾಲೀಕನ ಬಾಯಿ ಕಟ್ಟುತ್ತದೆ.

ಸರ್ಕಾರಿ ಇಲಾಖೆಗಳ ಹರಾಜಿನಲ್ಲಿ ಸಿಗುತ್ತಿದ್ದ ಹಳೆಯ ಜೀಪುಗಳ ಕಾಲವೂ ಮುಗಿಯಿತು. 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ಮುಂದುವರಿಯುವುದಿಲ್ಲ. ಅವು ನೇರ ಗುಜರಿಗೆ. ಇನ್ನೊಂದು ಕಡೆ, ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳಿಗೆ ದೆಹಲಿಯಲ್ಲಿ ನಿಷೇಧ ಬಂದ ಮೇಲೆ ಆ ಕಡೆಯ ಗಾಡಿಗಳು ದಕ್ಷಿಣಕ್ಕೆ ಇಳಿದವು. ಒಣ ಹವೆಯಲ್ಲಿ ಬಾಳಿದ ಗಾಡಿಗೆ ತುಕ್ಕು ಕಡಿಮೆ ಎಂಬುದು ನಿಜವೇ. ಆದರೆ ಅಲ್ಲಿನ ಎನ್‌ಒಸಿ, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ಕಟ್ಟಬೇಕಾದ ಜೀವಿತಾವಧಿ ತೆರಿಗೆ, ಇವೆರಡನ್ನೂ ಕೂಡಿಸಿದ ಮೇಲೆಯೇ ಅದು ಅಗ್ಗವೋ ದುಬಾರಿಯೋ ಹೇಳಲು ಸಾಧ್ಯ.

ಯಾವ ಪುಸ್ತಕದಲ್ಲೂ ಇಲ್ಲದ್ದು

ಈ ಮೂರು ವರ್ಷಗಳನ್ನೂ ತಿಳಿದ ಮೇಲೆ ಉಳಿಯುವುದು ನಾಲ್ಕನೆಯ ಲೆಕ್ಕ: ಗಾಡಿ ಎಷ್ಟು ಮಳೆಗಾಲ ಕೆಸರಿನಲ್ಲಿ ಕಳೆದಿದೆ, ಎಷ್ಟು ಸಲ ನೀರಿಗೆ ಇಳಿದಿದೆ? ಇದು ಯಾವ ಪುಸ್ತಕದಲ್ಲೂ ಇರುವುದಿಲ್ಲ. ‘ಸಾವ್ಕಾರ್ರೇ, ಮಾಡೆಲ್ ಆಮೇಲೆ ಕೇಳಿ. ಮೊದಲು ಒಂದು ಗೋಣಿ ಹಾಸಿ ಅಡಿಗೆ ಮಲಗಿ ನೋಡಿ’ ಎಂದು ಗ್ಯಾರೇಜಿನವನು ಹೇಳಿದರೆ ಅದು ತಮಾಷೆಯಲ್ಲ. ಹತ್ತು ವರ್ಷ ತೋಟದಲ್ಲಿ ದುಡಿದ ಜೀಪಿಗಿಂತ, ಇಪ್ಪತ್ತೈದು ವರ್ಷ ಪೇಟೆಯ ಶೆಡ್ಡಿನಲ್ಲಿದ್ದು ವಾರಕ್ಕೊಮ್ಮೆ ಹೊರಬಂದ ಜೀಪು ಗಟ್ಟಿಯಾಗಿರಬಹುದು.

ಅಡಿಗೆ ಮಲಗಿದವರು ನೋಡಬೇಕಾದದ್ದು ಚಾಸಿಸ್ಸಿನ ಉದ್ದ ತೊಲೆಗಳು, ಹಿಂದಿನ ಅಡ್ಡತೊಲೆ, ಸ್ಪ್ರಿಂಗ್ ಪ್ಲೇಟುಗಳು ಕೂರುವ ಜಾಗ. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ಒಳಗೆ ತುಕ್ಕು ತಿಂದಿದ್ದರೆ ಬೊದ್ದು ಸದ್ದು. ಹೊಸದಾಗಿ ಬಳಿದ ದಪ್ಪ ಕಪ್ಪು ಬಣ್ಣ ಕಂಡರೆ ಸಂಶಯ ಪಡಬೇಕು. ಗೇರ್ ಬಾಕ್ಸ್ ಮತ್ತು ಡಿಫರೆನ್ಷಿಯಲ್ ಎಣ್ಣೆಯನ್ನು ಒಂದು ಹನಿ ತೆಗೆದು ನೋಡಬೇಕು. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಹೊಕ್ಕಿದೆ ಎಂದೇ ಅರ್ಥ. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಅದರ ತುದಿಯಲ್ಲಿ ಕೆಸರಿನ ಕಲೆ, ಫ್ಯೂಸ್ ಪೆಟ್ಟಿಗೆಯಲ್ಲಿ ಹಸಿರು ಕಿಲುಬು, ಹೆಡ್‌ಲೈಟಿನ ಒಳಗೆ ನೀರು ನಿಂತ ಗೆರೆ ಕಂಡರೆ ನೆರೆಯಲ್ಲಿ ಮುಳುಗಿದ ಗಾಡಿಯೆಂಬ ಅನುಮಾನಕ್ಕೆ ಆಧಾರವಿದೆ. ಫೋರ್ ವೀಲನ್ನು ಟಾರು ರಸ್ತೆಯಲ್ಲಲ್ಲ, ಹಸಿ ಮಣ್ಣಿನ ಏರಿನಲ್ಲಿ ಹಾಕಿ ನೋಡಬೇಕು. ಹಾಕಿದ್ದು ಬೀಳುತ್ತದೆಯೇ, ತೆಗೆದದ್ದು ಬಿಡುತ್ತದೆಯೇ ಎರಡನ್ನೂ ನೋಡಬೇಕು.

ಹೊಸದೆಲ್ಲ ಮೇಲಲ್ಲ, ಹಳೆಯದೆಲ್ಲ ಗಟ್ಟಿಯಲ್ಲ

ಹೊಸ ಗಾಡಿಗಳಿಗೆ ಅವುಗಳದೇ ಕಾಟವಿದೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಹೆದ್ದಾರಿಯಲ್ಲಿ ವೇಗವಾಗಿ ಓಡಿದಾಗ ಆ ಮಸಿ ಸುಟ್ಟು ಫಿಲ್ಟರ್ ಶುದ್ಧವಾಗುತ್ತದೆ. ಮನೆಯಿಂದ ಕಣಕ್ಕೆ, ಕಣದಿಂದ ಲೈನಿಗೆ ಫಸ್ಟ್ ಗೇರಿನಲ್ಲಿ ಓಡಾಡಿಕೊಂಡಿರುವ ಗಾಡಿಯಲ್ಲಿ ಅದು ಕಟ್ಟಿಕೊಂಡು ಎಚ್ಚರಿಕೆಯ ದೀಪ ಉರಿಯತೊಡಗುತ್ತದೆ. ಆಗಾಗ ಮೈಸೂರಿಗೋ ಮಂಗಳೂರಿಗೋ ಹೋಗಿ ಬರುವವರಿಗೆ ಈ ತೊಂದರೆಯಿಲ್ಲ. ತೋಟ ಬಿಟ್ಟು ಹೊರಡದ ಗಾಡಿ ಬೇಕಾದವರು ಯೋಚಿಸಬೇಕು.

ಹಳೆಯ ಪೆಟ್ರೋಲ್ ಗಾಡಿಗಳಿಗೆ ಇನ್ನೊಂದು ಬಗೆಯ ಕಾಟ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಬೆರೆತಿರುತ್ತದೆ. ಕಾರ್ಬ್ಯುರೇಟರಿನ ಕಾಲದ ರಬ್ಬರ್ ಪೈಪುಗಳು, ಡಯಾಫ್ರಾಂಗಳು ಅದಕ್ಕಾಗಿ ಮಾಡಿದವಲ್ಲ. ಎಥನಾಲ್ ನೀರಿನ ಅಂಶವನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ ಜಿಪ್ಸಿ ಒಂದು ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಮಾಡೆಲ್ಲನ್ನು ಬೈಯುವ ಮೊದಲು ಟ್ಯಾಂಕು ನೋಡಬೇಕು. ಎಬಿಎಸ್ ಬ್ರೇಕು, ಏರ್‌ಬ್ಯಾಗುಗಳು ಕಡ್ಡಾಯವಾದದ್ದು 2019ರಿಂದ ಈಚೆಗೆ ಎಂಬುದನ್ನೂ ಮರೆಯುವಂತಿಲ್ಲ. ಮಕ್ಕಳನ್ನು ದಿನಾ ಶಾಲೆಗೆ ಕರೆದೊಯ್ಯುವ ಗಾಡಿಯಾದರೆ ಈ ಒಂದು ಕಾರಣಕ್ಕೇ ಹೊಸ ಮಾಡೆಲ್ಲಿಗೆ ಹೆಚ್ಚು ಹಣ ಕೊಡುವುದು ನ್ಯಾಯ.

ನೀರಿನ ಮಾತು

ನೆರೆ ಬಂದ ವರ್ಷಗಳ ನಂತರ ನೀರಿನಲ್ಲೂ ಓಡುವ ಗಾಡಿಗಳ ಬಗ್ಗೆ ಕುತೂಹಲ ಹೆಚ್ಚಿದೆ. 1967ರಿಂದ ಕೆನಡಾದಲ್ಲಿ ತಯಾರಾಗುತ್ತಿರುವ ‘ಆರ್ಗೋ’ದಂಥ ಆರು-ಎಂಟು ಚಕ್ರದ ಗಾಡಿಗಳು ತೊಟ್ಟಿಯಂಥ ಮೈ, ಗಾಳಿ ಕಡಿಮೆ ತುಂಬಿದ ಉಬ್ಬು ಟೈರುಗಳಿಂದ ತೇಲುತ್ತವೆ. ಅವುಗಳನ್ನು ಕೊಳ್ಳುವವರು ವರ್ಷಕ್ಕಿಂತ ಎಷ್ಟು ಗಂಟೆ ಓಡಿದೆ ಎಂಬ ಮೀಟರನ್ನು, ಸರಪಳಿ, ಬೇರಿಂಗು, ಸೀಲುಗಳನ್ನು ನೋಡುತ್ತಾರೆ. 2025ರ ಆಗಸ್ಟಿನಲ್ಲಿ ಪಂಜಾಬಿನ ನೆರೆಯಲ್ಲಿ ನಮ್ಮ ಸೇನೆ ‘ಅಟೋರ್ ಎನ್-1200’ ಎಂಬ ದೈತ್ಯ ಚಕ್ರದ ಉಭಯಚರಿ ವಾಹನದಿಂದ ಜನರನ್ನು ಹೊರತಂದಿತು. ತೋಟದ ಜೀಪು ಆ ಜಾತಿಯದಲ್ಲ.

2020ರ ಥಾರ್ 650 ಮಿಲಿಮೀಟರ್ ನೀರನ್ನು ದಾಟಬಲ್ಲದೆಂದು ಕಂಪನಿ ಹೇಳುತ್ತದೆ. ಅದು ನಿಂತ ನೀರಿನ, ಗಟ್ಟಿ ತಳದ ಲೆಕ್ಕ. ಎರಡು ಅಡಿ ಆಳದ ಹರಿವ ನೀರು ಎಂಥ ಜೀಪನ್ನೂ ತೇಲಿಸಿಕೊಂಡು ಹೋಗಬಲ್ಲದು. ಎಂಜಿನ್ ಗಾಳಿ ಎಳೆಯುವ ದಾರಿಯಲ್ಲಿ ನೀರು ಹೊಕ್ಕರೆ ಕನೆಕ್ಟಿಂಗ್ ರಾಡ್ ಬಾಗಿ, ಲಕ್ಷದ ಲೆಕ್ಕದಲ್ಲಿ ಖರ್ಚು ಬರುತ್ತದೆ. ಕಾವೇರಿ ರಸ್ತೆಯ ಮೇಲೆ ಹರಿಯುವ ದಿನ ಭಾಗಮಂಡಲದಲ್ಲಿ 1985ರ ಜೀಪಾಗಲಿ 2025ರದ್ದಾಗಲಿ ಈಚೆ ದಡದಲ್ಲಿ ನಿಲ್ಲಬೇಕಾದದ್ದೇ.

ಒಟ್ಟಿನಲ್ಲಿ ಲೆಕ್ಕ ಇಷ್ಟು. ಐದು ವರ್ಷದೊಳಗಿನ ಗಾಡಿಯಾದರೆ ತಯಾರಿಕೆಯ ತಿಂಗಳನ್ನೂ ನೋಡಿ ಚೌಕಾಶಿ ಮಾಡಿ. ಹದಿನೈದರ ಆಸುಪಾಸಿನದಾದರೆ ನವೀಕರಣದ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಇಪ್ಪತ್ತು ದಾಟಿದ್ದಾದರೆ ಅದು ಯಾವ ಗಡಿ ಗೆರೆಯ ಈಚೆಯದು ಎಂಬುದನ್ನಷ್ಟೇ ತಿಳಿದುಕೊಂಡು, ಉಳಿದ ಗಮನವನ್ನೆಲ್ಲ ಚಾಸಿಸ್ಸಿಗೆ ಕೊಡಿ. ‘ಯಾವ ಮಾಡೆಲ್?’ ಎಂದು ಖಂಡಿತ ಕೇಳಿ. ಉತ್ತರ ಬಂದ ಮೇಲೆ ಗೋಣಿ ತರಿಸುವುದನ್ನು ಮಾತ್ರ ಮರೆಯಬೇಡಿ.